ಫೆರಾರಿಯ ಓಟಕ್ಕೆ ತಡೆಯೊಡ್ಡಿದ ಟೈರು

ಫಾರ್ಮುಲಾ ಒನ್ ರೇಸಿನಲ್ಲಿ ಗೆಲುವಿನ ಕೀರ್ತಿ ಚಾಲಕನಿಗೆ, ಇಲ್ಲವೇ ಎಂಜಿನ್ನಿಗೆ ಸಲ್ಲುವುದು ವಾಡಿಕೆ. ಟೈರಿನ ಪಾತ್ರವೇನೆಂದು ತಿಳಿಯಲು 2005ರ ಋತುವನ್ನು ನೋಡಿದರೆ ಸಾಕು. 2004ರಲ್ಲಿ 18 ರೇಸುಗಳ ಪೈಕಿ 15ನ್ನು ಗೆದ್ದಿದ್ದ ಫೆರಾರಿ, ಮರುವರ್ಷ 19ರಲ್ಲಿ ಗೆದ್ದದ್ದು ಒಂದೇ ಒಂದು. ಮೈಕೆಲ್ ಶುಮಾಕರ್ ಚಾಲನೆ ಮರೆತಿರಲಿಲ್ಲ, ನಿಯಮ ಬದಲಾಗಿತ್ತು.

ವೇಗಕ್ಕೆ ಕಡಿವಾಣ ಹಾಕಲು ಆಡಳಿತ ಸಂಸ್ಥೆ ಎಫ್‌ಐಎ, ರೇಸಿನ ನಡುವೆ ಟೈರು ಬದಲಿಸುವುದನ್ನು ಆ ವರ್ಷ ನಿಷೇಧಿಸಿತು. ಪಂಕ್ಚರ್, ಹಾನಿ ಅಥವಾ ಮಳೆಯ ಸಂದರ್ಭ ಬಿಟ್ಟರೆ, ಅರ್ಹತಾ ಸುತ್ತನ್ನೂ ಸುಮಾರು 300 ಕಿ.ಮೀ. ರೇಸನ್ನೂ ಒಂದೇ ಸೆಟ್‌ನಲ್ಲಿ ಮುಗಿಸಬೇಕಿತ್ತು. ಫೆರಾರಿ–ಬ್ರಿಜ್‌ಸ್ಟೋನ್ ಜೋಡಿಯ ಬಲವಿದ್ದುದು ಕಡಿಮೆ ಸುತ್ತುಗಳನ್ನು ಬಿರುಸಿನಿಂದ ಓಡಿ, ಹೊಸ ಟೈರು ತೊಡುವ ತಂತ್ರದಲ್ಲಿ. 2004ರ ಫ್ರೆಂಚ್ ಗ್ರಾನ್‌ಪ್ರಿಯಲ್ಲಿ ಶುಮಾಕರ್ ನಾಲ್ಕು ಬಾರಿ ಪಿಟ್‌ಗೆ ಬಂದೂ ಗೆದ್ದಿದ್ದರು. ಆ ಅಸ್ತ್ರವೇ ಕೈತಪ್ಪಿತು.

ಮಿಶೆಲಿನ್ ಬೆನ್ನಿಗೆ ರೆನೊ, ಮೆಕ್‌ಲಾರೆನ್ ಸೇರಿ ಏಳು ತಂಡಗಳ ಅನುಭವವಿತ್ತು. ಬ್ರಿಜ್‌ಸ್ಟೋನ್ ಬಳಿ ಫೆರಾರಿಯ ಹೊರತು ಇದ್ದದ್ದು ಹಿಂಬದಿಯ ಜೋರ್ಡನ್, ಮಿನಾರ್ಡಿ ಮಾತ್ರ. ಒಬ್ಬನ ಅಳತೆಗೇ ಹೊಲಿದ ಅಂಗಿ, ಹಿಂದೆ ವರವಾಗಿದ್ದುದು, ಈಗ ಹೊರೆಯಾಯಿತು. ವಾಯುಚಲನೆಯ ನಿಯಮಗಳೂ ಬದಲಾಗಿದ್ದವೆಂಬುದು ನಿಜ. ಆದರೆ ಕುಸಿತಕ್ಕೆ ಅದೊಂದೇ ಕಾರಣವಾಗಲಾರದು.

ಗೆದ್ದವರಿಗೂ ನಿಯಮ ನೆಮ್ಮದಿ ಕೊಡಲಿಲ್ಲ. ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಬ್ರೇಕು ಬಿಗಿದು ಸಪಾಟಾಗಿದ್ದ ಟೈರನ್ನು ಬದಲಿಸದೆ ಮುನ್ನಡೆ ಕಾಯ್ದುಕೊಂಡಿದ್ದ ಕಿಮಿ ರೈಕೊನೆನ್‌ಗೆ, ಕಂಪನದಿಂದ ಸಸ್ಪೆನ್ಷನ್ ಮುರಿದು ಕೊನೆಯ ಸುತ್ತಿನಲ್ಲಿ ಗೆಲುವು ತಪ್ಪಿತು, ಅಲೊನ್ಸೊ ಗೆದ್ದರು. ಜೂನ್ 19ರಂದು ಇಂಡಿಯಾನಾಪೊಲಿಸ್‌ನಲ್ಲಿ ಇನ್ನೂ ದೊಡ್ಡ ಅಧ್ವಾನ. ಇಳಿಜಾರು ಕಟ್ಟಿದ ಅತಿವೇಗದ ತಿರುವನ್ನು ತನ್ನ ಟೈರುಗಳು ತಾಳುವ ಭರವಸೆ ಕೊಡಲು ಮಿಶೆಲಿನ್‌ಗೆ ಆಗಲಿಲ್ಲ. ವೇಗ ತಗ್ಗಿಸಲು ಅಡ್ಡತಿರುವು ಹಾಕಬೇಕೆಂಬ ಬೇಡಿಕೆಯನ್ನು ಎಫ್‌ಐಎ ಒಪ್ಪಲಿಲ್ಲ. 14 ಕಾರುಗಳು ಹಿಂದೆ ಸರಿದು, ಓಡಿದ್ದು ಆರೇ. ಫೆರಾರಿಯ ಏಕೈಕ ಜಯ ಅದೇ. ಜೋರ್ಡನ್‌ನ ನಾರಾಯಣ್ ಕಾರ್ತಿಕೇಯನ್ ನಾಲ್ಕನೆಯವರಾಗಿ, ಪಾಯಿಂಟ್ ಗಳಿಸಿದ ಮೊದಲ ಭಾರತೀಯರಾದರು. ಟೈರು ಕಂಪನಿಗಳ ಜಗಳದಲ್ಲಿ ಸಿಕ್ಕ ಐದು ಪಾಯಿಂಟ್ ಎಂದು ಮೂಗು ಮುರಿಯುವವರು ಇದ್ದಾರೆ; ಕೊನೆಯವರೆಗೆ ಕಾರನ್ನು ಓಡಿಸಿದ್ದಂತೂ ಅವರೇ.

2006ರಲ್ಲಿ ಟೈರು ಬದಲಾವಣೆಗೆ ಮತ್ತೆ ಅನುಮತಿ ದೊರೆಯಿತು. ಫೆರಾರಿ ಒಂಬತ್ತು ರೇಸು ಗೆದ್ದು, ತಂಡಗಳ ಪಟ್ಟಿಯಲ್ಲಿ ರೆನೊಗಿಂತ ಐದೇ ಪಾಯಿಂಟ್ ಹಿಂದುಳಿಯಿತು. ಋತುವಿನ ಕೊನೆಗೆ ಮಿಶೆಲಿನ್ ನಿರ್ಗಮಿಸಿತು. 2007ರಿಂದ ಎಲ್ಲ ತಂಡಗಳಿಗೂ ಒಂದೇ ಕಂಪನಿಯ ಟೈರು.