ಕೆರೆಗೋಡು ಹೊಲ ಸೇರುವ ಮುನ್ನ

ಅಧ್ಯಕ್ಷರು,
ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ, ಬೆಂಗಳೂರು.

ಮಾನ್ಯರೇ,

ಹಲಸೂರು ಕೆರೆಯ ದಂಡೆಯಲ್ಲಿ ಬೆಳೆದವನು ನಾನು. ಶಿವಾಜಿನಗರದ ಕಡೆಯ ರಾಜಕಾಲುವೆ ಈ ಕೆರೆಗೆ ಬರುತ್ತದೆ. ಇಲ್ಲಿ ತುಂಬಿ ಹರಿದದ್ದು ಚಲ್ಲಘಟ್ಟದ ಕಣಿವೆ ಹಿಡಿದು ಬೆಳ್ಳಂದೂರು ಕೆರೆ ಮುಟ್ಟುತ್ತದೆ. ದಾರಿಯುದ್ದಕ್ಕೂ ಬೀದಿಯ ಧೂಳು, ವರ್ಕ್‌ಶಾಪಿನ ಕೊಳೆ, ಗಣೇಶನ ಮೂರ್ತಿಗಳ ಬಣ್ಣ ಎಲ್ಲವೂ ಅದರ ಜೊತೆಗೂಡುತ್ತವೆ.

ಸೊಪ್ಪುಸದೆ ಕೊಳೆತು ಗೊಬ್ಬರವಾಗುತ್ತದೆ. ಆದರೆ ನೀರಿನೊಡನೆ ಬರುವ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂನಂಥ ಲೋಹಗಳು ಕೊಳೆಯುವುದಿಲ್ಲ. ಜೇಡಿಕಣಗಳ ಮೈಮೇಲೆ ಋಣ ವಿದ್ಯುದಂಶವಿದೆ. ಸೀಸ, ಕ್ಯಾಡ್ಮಿಯಂಗಳ ಧನ ಅಯಾನುಗಳು ಅದಕ್ಕೆ ಅಂಟಿಕೊಳ್ಳುತ್ತವೆ. ನಮ್ಮ ಕೆಮ್ಮಣ್ಣಿಗೆ ಬಣ್ಣ ಕೊಟ್ಟ ಕಬ್ಬಿಣದ ಆಕ್ಸೈಡ್ ಕೂಡ ಲೋಹಗಳನ್ನು ಹಿಡಿದಿಡುತ್ತದೆ. ದೇಶದಲ್ಲಿ ಸೀಸದ ಪೆಟ್ರೋಲ್ ನಿಂತದ್ದು 2000ರಲ್ಲಿ. ಅದಕ್ಕೂ ಮೊದಲು ರಸ್ತೆಬದಿಗೆ ಬಿದ್ದ ಸೀಸ ಸುಲಭಕ್ಕೆ ಕೆಳಗಿಳಿಯದು, ಮೇಲ್ಮಣ್ಣಿನಲ್ಲೇ ಉಳಿಯುತ್ತದೆ. ಕ್ಯಾಡ್ಮಿಯಂನ ಹಿಡಿತ ಮಾತ್ರ ಸಡಿಲ. ಮಣ್ಣು ಆಮ್ಲೀಯವಾದಷ್ಟೂ ಅದು ಬೇರಿಗೆ ದಕ್ಕುತ್ತದೆ.

ಕೆರೆಯ ತಳದಲ್ಲಿ ಗಾಳಿಯಾಡುವುದಿಲ್ಲ. ಅಲ್ಲಿ ಹಲವು ಲೋಹಗಳು ಗಂಧಕದೊಡನೆ ಸೇರಿ ಸಲ್ಫೈಡ್ ಆಗಿ ಅಲ್ಲಾಡದೆ ಕೂತಿರುತ್ತವೆ. ಹೂಳೆತ್ತಿ ಗಾಳಿಗೆ ಹರವಿದಾಗ ಆ ಬಂಧ ಬಿಚ್ಚಿಕೊಂಡು, ಕೂತಿದ್ದ ಲೋಹ ಮತ್ತೆ ನೀರಿನಲ್ಲಿ ಕರಗಬಲ್ಲದು.

ಹೊಲಕ್ಕೆ ಕೆರೆಗೋಡು, ಅಂದರೆ ಕೆರೆಯ ಹೂಳು, ಹೊಡೆಯುವುದು ನಮ್ಮ ರೈತರ ಹಳೆಯ ಪದ್ಧತಿ. ಊರಿನ ಸಗಣಿ, ಎಲೆ, ಮಳೆನೀರಷ್ಟೇ ಕೆರೆ ಸೇರುತ್ತಿದ್ದ ಕಾಲದಲ್ಲಿ ಅದಕ್ಕಿಂತ ಒಳ್ಳೆಯ ಗೊಬ್ಬರವಿರಲಿಲ್ಲ. ಹಲಸೂರು, ಬೆಳ್ಳಂದೂರು, ಕೆ.ಆರ್. ಪುರದ ಕೆರೆಗಳ ಹೂಳಿಗೆ ಆ ನಂಬಿಕೆಯನ್ನು ಹಾಗೆಯೇ ಅನ್ವಯಿಸುವಂತಿಲ್ಲ. ಬೆಳ್ಳಂದೂರು ಕೆರೆಯ ನೀರುಂಡ ಮಣ್ಣಿನಲ್ಲೂ ಬೆಳೆಯಲ್ಲೂ ಭಾರಲೋಹ ಸೇರಿರುವುದನ್ನು 2006ರಲ್ಲೇ 'ಕರೆಂಟ್ ಸೈನ್ಸ್' ಪತ್ರಿಕೆಯ ಅಧ್ಯಯನವೊಂದು ದಾಖಲಿಸಿತ್ತು. ಮಕ್ಕಳ ಮಟ್ಟಿಗೆ ಸೀಸದ ಸುರಕ್ಷಿತ ಪ್ರಮಾಣ ಎಂಬುದೇ ಗೊತ್ತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಆದ್ದರಿಂದ ಮೂರು ಕೆಲಸ ಮಾಡಿಸಿಕೊಡಿ. ನಗರದ ಕೆರೆಯಿಂದ ತೆಗೆದ ಹೂಳು ಹೊಲಕ್ಕೋ ಉದ್ಯಾನಕ್ಕೋ ಹೋಗುವ ಮುನ್ನ ಲೋಹಗಳ ಪರೀಕ್ಷೆ ಕಡ್ಡಾಯವಾಗಲಿ. ಒಣಗಿದ ಮೇಲೆ ಇನ್ನೊಮ್ಮೆ ನಡೆಯಲಿ. ಫಲಿತಾಂಶವನ್ನು ಕೆರೆಯ ಬಳಿಯೇ, ಕನ್ನಡದಲ್ಲಿ, ಫಲಕದ ಮೇಲೆ ಬರೆಸಿ. ಕೆಟ್ಟ ಹೂಳಿಗೆ ತಳಕ್ಕೆ ಪದರ ಹಾಸಿದ, ಅಂತರ್ಜಲಕ್ಕೆ ಸೋರದ ಗುಂಡಿಯ ವ್ಯವಸ್ಥೆಯಾಗಲಿ.

ಹೊಲದಲ್ಲಿ ಹರಡಿದ ಹೂಳನ್ನು ಮತ್ತೆ ಬಾಚಿ ತೆಗೆಯಲು ಯಾವ ರೈತನಿಗೂ ಸಾಧ್ಯವಿಲ್ಲ. ಟ್ರ್ಯಾಕ್ಟರ್ ಕೆರೆಯಂಗಳ ಬಿಡುವ ಮೊದಲೇ ಅವನಿಗೆ ಸತ್ಯ ತಿಳಿಯಬೇಕು.

ಇಂತಿ,
ಹಲಸೂರಿನ ಒಬ್ಬ ನಿವಾಸಿ