ಫ್ಲೈವೀಲ್ ಹಗುರಾದರಷ್ಟೇ ಸಾಲದು

ರಜೆಯ ದಿನ ನಾನು ಮಾಮುವಿನ ಗ್ಯಾರೇಜಿನಲ್ಲಿರುತ್ತೇನೆ. ಕಳೆದ ತಿಂಗಳು ಮಾಮುವಿನ ಮಗ ತನ್ನ ಹಳೆಯ ಪೆಟ್ರೋಲ್ ಕಾರಿನ ಗೇರ್‌ಬಾಕ್ಸ್ ಇಳಿಸಿದ. ಅವನಿಗೆ ಆಟೋಕ್ರಾಸ್ ಹುಚ್ಚು. ಪರ್ಫಾರ್ಮೆನ್ಸ್ ಕ್ಲಚ್ ಆಗಲೇ ತಂದಿಟ್ಟಿದ್ದ. ಫ್ಲೈವೀಲನ್ನು ಲೇತ್‌ಗೆ ಕೊಟ್ಟು ತೆಳ್ಳಗೆ ಮಾಡಿಸಿದರೆ ಸಾಕು, ಹೊಸದಕ್ಕೆ ಯಾಕೆ ದುಡ್ಡು ಎಂದ. ನಾನು, "ಬೇಡ ಭಾಯ್" ಎಂದೆ. "ಪಿಯುಸಿ ಓದೋನು ನನಗೆ ಹೇಳಿಕೊಡ್ತೀಯಾ?" ಎಂದು ನಕ್ಕುಬಿಟ್ಟ. ಅಲ್ಲಿ ಪೂರ್ತಿ ಹೇಳಲಾಗದ ನನ್ನ ವಾದವನ್ನು ಇಲ್ಲಿ ಬರೆಯುತ್ತಿದ್ದೇನೆ.

ಫ್ಲೈವೀಲ್ ಎಂದರೆ ಎಂಜಿನ್‌ನ ಕ್ರ್ಯಾಂಕ್‌ಶಾಫ್ಟ್ ತುದಿಗೆ ಬೋಲ್ಟ್ ಮಾಡಿರುವ ಭಾರದ ಚಕ್ರ. ಕ್ಲಚ್ ಪ್ಲೇಟ್ ಒತ್ತಿಕೊಳ್ಳುವುದು ಇದರ ಮುಖಕ್ಕೇ. ಹಗುರ ಮಾಡಿದರೆ ಎಂಜಿನ್ ಬೇಗ ಸುತ್ತು ಏರುತ್ತದೆ, ಬೇಗ ಇಳಿಯುತ್ತದೆ. ಪವರ್ ಮಾತ್ರ ಒಂದಿಷ್ಟೂ ಹೆಚ್ಚುವುದಿಲ್ಲ. ಇದನ್ನು ಬಹಳ ಜನ ಒಪ್ಪುವುದಿಲ್ಲ.

ಫಸ್ಟ್ ಪಿಯುಸಿಯ ಮೊಮೆಂಟ್ ಆಫ್ ಇನರ್ಷಿಯಾ ಪಾಠ ನೆನಪಿದೆಯಲ್ಲವೇ? (ಪರೀಕ್ಷೆ ಮುಗಿದ ಮೇಲೆ ಅದು ನನಗೆ ಉಪಯೋಗಕ್ಕೆ ಬಂದದ್ದು ಇದೇ ಮೊದಲು.) 8 ಕೆ.ಜಿ. ತೂಕದ, 14 ಸೆಂ.ಮೀ. ತ್ರಿಜ್ಯದ ಒಂದೇ ದಪ್ಪದ ತಟ್ಟೆ ಎಂದುಕೊಳ್ಳಿ. ಹೊರ ಅಂಚಿನಿಂದ 2 ಕೆ.ಜಿ. ತೆಗೆದರೆ ಇನರ್ಷಿಯಾ ಅರ್ಧಕ್ಕೆ ಇಳಿಯುತ್ತದೆ. ಅದೇ 2 ಕೆ.ಜಿ.ಯನ್ನು ಕೇಂದ್ರದಿಂದ 7 ಸೆಂ.ಮೀ. ದೂರದಲ್ಲಿ ತೆಗೆದರೆ ಎಂಟನೇ ಒಂದು ಭಾಗ ಮಾತ್ರ ಕಡಿಮೆಯಾಗುತ್ತದೆ. ಹಾಗಾಗಿ ಅಂಗಡಿಯವನು ಎಷ್ಟು ಕೆ.ಜಿ. ಎಂದು ಹೇಳಿದರೆ ಸಾಲದು, ತೂಕ ಎಲ್ಲಿಂದ ತೆಗೆದಿದ್ದಾರೆ ಎಂದು ಕೇಳಬೇಕು.

ಇದರ ಲಾಭ ಎಷ್ಟೆಂದೂ ಲೆಕ್ಕ ಹಾಕಿದೆ. ಆ ಅಂಚಿನ 2 ಕೆ.ಜಿ. ಹೋದರೆ ಫಸ್ಟ್ ಗೇರಿನಲ್ಲಿ (ಒಟ್ಟು ಗೇರ್ ಅನುಪಾತ 14, ಟೈರಿನ ತ್ರಿಜ್ಯ 28 ಸೆಂ.ಮೀ. ಎಂದಿಟ್ಟುಕೊಂಡರೆ) ಕಾರಿನಿಂದ ಸುಮಾರು 98 ಕೆ.ಜಿ. ಇಳಿಸಿದಂತೆ. ಒಟ್ಟು ಅನುಪಾತ 3 ಇರುವ ಟಾಪ್ ಗೇರಿನಲ್ಲಿ ಐದು ಕೆ.ಜಿ.ಯೂ ಇಲ್ಲ. ಆಟೋಕ್ರಾಸ್ ಬಹುಪಾಲು ಕೆಳಗಿನ ಗೇರುಗಳ ಆಟ, ಅಲ್ಲಿ ಇದಕ್ಕೆ ಬೆಲೆಯಿದೆ. ಹೈವೇಯಲ್ಲಿ ಓಡಿಸುವವರು ಆ ದುಡ್ಡಿಗೆ ಒಳ್ಳೆಯ ಟೈರ್ ಹಾಕಿಸಿಕೊಳ್ಳಲಿ.

ಕ್ಲಚ್ ಜೊತೆ ಹೊಂದಾಣಿಕೆಯ ಪ್ರಶ್ನೆ ಬರುವುದು ಇಲ್ಲಿ. ಭಾಯ್ ತಂದಿರುವುದು ಸೆರಾಮಿಕ್ ತುಂಡುಗಳ ಪ್ಲೇಟ್, ಅದು ತಟ್ಟನೆ ಹಿಡಿಯುತ್ತದೆ. ಕಾರು ನಿಂತಲ್ಲಿಂದ ಹೊರಡುವಾಗ ಫ್ಲೈವೀಲಿನಲ್ಲಿ ಕೂಡಿಟ್ಟ ಶಕ್ತಿಯೇ ಎಂಜಿನ್ ಆಫ್ ಆಗದಂತೆ ಕಾಯುವುದು. ಅದನ್ನೂ ಅರ್ಧ ಮಾಡಿದರೆ ಪ್ರತಿ ಸಿಗ್ನಲ್‌ನಲ್ಲಿ, ಪ್ರತಿ ಏರಿನಲ್ಲಿ ಕಾರು ಜರ್ಕ್ ಹೊಡೆದು ನಿಲ್ಲುತ್ತದೆ. ಇದೇ ಕಾರಿನಲ್ಲಿ ಮಾಮಿ ಮಾರ್ಕೆಟ್‌ಗೆ ಹೋಗಬೇಕು! ಎರಡೂ ಕೆಲಸಕ್ಕೆ ಬೇಕೆಂದರೆ ಮಧ್ಯಮ ತೂಕದ ಉಕ್ಕಿನ ಫ್ಲೈವೀಲ್, ಜೊತೆಗೆ ನಡುವೆ ಸ್ಪ್ರಿಂಗ್ ಇರುವ ಆರ್ಗ್ಯಾನಿಕ್ ಪ್ಲೇಟ್ ಸಾಕು ಎಂಬುದು ನನ್ನ ಅಭಿಪ್ರಾಯ. ಪ್ರೆಶರ್ ಪ್ಲೇಟಿನ ಬೋಲ್ಟ್ ತೂತುಗಳು, ಮುಖದ ಎತ್ತರ ತಾಳೆಯಾಗಬೇಕು ಎಂದು ಬೇರೆ ಹೇಳಬೇಕಿಲ್ಲ. ಅಲ್ಯೂಮಿನಿಯಂ ಇನ್ನೂ ಹಗುರ, ಆದರೆ ಕ್ಲಚ್ ಉಜ್ಜುವ ಜಾಗಕ್ಕೆ ಉಕ್ಕಿನ ತಟ್ಟೆ ಕೂರಿಸಿರಲೇಬೇಕು.

ಲೇತ್ ವಿಷಯದಲ್ಲಿ ಮಾತ್ರ ನಾನು ರಾಜಿಯಾಗುವುದಿಲ್ಲ. ಹಳೆಯ ಫ್ಲೈವೀಲ್ ಎರಕದ ಕಬ್ಬಿಣ. ಒತ್ತಿದರೆ ತಡೆಯುತ್ತದೆ, ಎಳೆದರೆ ತಡೆಯುವುದು ಕಡಿಮೆ. ಕ್ಲಚ್ ಬಿಸಿಗೆ ಅದರ ಮುಖದಲ್ಲಿ ಕೂದಲೆಳೆಯಂಥ ಬಿರುಕುಗಳು ಬಿದ್ದಿರಬಹುದು. ಅದನ್ನು ತೆಳ್ಳಗೆ ಮಾಡಿ ನಿಮಿಷಕ್ಕೆ 6000 ಸುತ್ತು ತಿರುಗಿಸುವುದೆಂದರೇನು? ನನ್ನ ಲೆಕ್ಕದ 8 ಕೆ.ಜಿ. ಚಕ್ರದಲ್ಲಿ ಆ ವೇಗಕ್ಕೆ ಸುಮಾರು 15,500 ಜೌಲ್ ಶಕ್ತಿ ಇರುತ್ತದೆ. ಒಂದು ಟನ್ ಕಾರು ಗಂಟೆಗೆ 20 ಕಿ.ಮೀ. ವೇಗದಲ್ಲಿ ಬಂದು ಗುದ್ದಿದಷ್ಟು. ಅರ್ಧ ಮಾಡಿದರೂ ಉಳಿಯುವುದು ಕಡಿಮೆಯೇನಲ್ಲ. ಒಡೆದರೆ ಗೇರ್‌ಬಾಕ್ಸಿನ ಅಲ್ಯೂಮಿನಿಯಂ ಕವಚ ಅದನ್ನು ತಡೆಯುತ್ತದೆಂದು ನಂಬಲಾಗದು. ಅಮೆರಿಕದಲ್ಲಿ ರೇಸ್ ಫ್ಲೈವೀಲ್‌ಗಳಿಗೆ ಎಸ್‌ಎಫ್‌ಐ 1.1 ಎಂಬ ಸುರಕ್ಷತಾ ಮಾನದಂಡವಿದೆ (ನಮ್ಮ ವಿದ್ಯಾರ್ಥಿ ಸಂಘಟನೆಯಲ್ಲ!). ಕೊಳ್ಳುವಾಗ ಆ ಗುರುತು ಇದೆಯೇ, ಬ್ಯಾಲೆನ್ಸಿಂಗ್ ಆಗಿದೆಯೇ ಎಂದು ನೋಡಬೇಕು.

ಇದನ್ನೆಲ್ಲ ಮಾಮುವಿಗೆ ನೋಟ್‌ಬುಕ್ಕಿನಲ್ಲಿ ತೋರಿಸಿದೆ. ಅವರು ಲೆಕ್ಕ ನೋಡಲಿಲ್ಲ. ಫ್ಲೈವೀಲನ್ನು ಎತ್ತಿ ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಭಾಯ್ ನನ್ನೊಡನೆ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ, ಆದರೆ ಉಕ್ಕಿನ ಫ್ಲೈವೀಲಿನ ಬೆಲೆ ವಿಚಾರಿಸುತ್ತಿದ್ದಾನಂತೆ.