ಹಗುರ ಸಲಕರಣೆ, ಗುರುತರ ಹೊಣೆ

ಜಾಲತಾಣವೊಂದನ್ನು ಕಟ್ಟಲು ಭಾರಿ ತಂತ್ರಾಂಶವೇ ಬೇಕೆಂಬ ಭಾವನೆ ಬಲವಾಗಿದೆ. ಆಸ್ಟ್ರಿಯಾದ ಆರ್ಮಿನ್ ರೊನಾಕರ್ ಅವರು 2010ರ ಏಪ್ರಿಲ್ 1ರಂದು ಕಿರು ಸಲಕರಣೆಗಳನ್ನು ಗೇಲಿಮಾಡಲೆಂದೇ ಅಂಥದೊಂದನ್ನು ರಚಿಸಿ ಪ್ರಕಟಿಸಿದರು. ಜನರು ವಿನೋದವನ್ನು ನಿಜವೆಂದೇ ಬಗೆದು ಆದರಿಸಿದರು. ಅದರ ಫಲವಾಗಿ ಅದೇ ವರ್ಷ ಪೈಥಾನ್ ಭಾಷೆಯ ‘ಫ್ಲಾಸ್ಕ್’ ಜನ್ಮತಾಳಿತು. ಐದಾರು ಸಾಲುಗಳಲ್ಲಿಯೇ ಅದು ಪುಟವೊಂದನ್ನು ತೆರೆದು ತೋರಿಸಬಲ್ಲದು. ಯಾವ ವಿಳಾಸಕ್ಕೆ ಯಾವ ಉತ್ತರವೆಂಬುದು ವಿದ್ಯಾರ್ಥಿಯ ಕಣ್ಣೆದುರೇ ಇರುತ್ತದೆ. ಕಲಿಕೆಗೆ ಇಂಥ ಸಾಧನವೇ ಯೋಗ್ಯ.

ಆದರೆ ದತ್ತಸಂಚಯದ ವ್ಯವಸ್ಥೆಯನ್ನಾಗಲಿ, ತುಂಬಿದ ಅರ್ಜಿಯ ಪರಿಶೀಲನೆಯನ್ನಾಗಲಿ ಅದು ತನ್ನೊಡನೆ ತರುವುದಿಲ್ಲ. 2005ರಲ್ಲಿ ಪ್ರಕಟವಾದ ‘ಜ್ಯಾಂಗೊ’ ಇವೆರಡನ್ನೂ ಒದಗಿಸುತ್ತದೆ. ಆದುದರಿಂದ ಫ್ಲಾಸ್ಕನ್ನು ಕಲಿಸುವ ಶಾಲೆಯು, ಅದು ಬಿಟ್ಟುದನ್ನು ತುಂಬುವ ಹೊಣೆಯನ್ನೂ ಕಲಿಸತಕ್ಕದ್ದು. ಮಕ್ಕಳ ಅಂಕಗಳೂ ದಾನಿಗಳ ಲೆಕ್ಕವೂ ಇರುವ ತಾಣದಲ್ಲಿ, ಸಲಕರಣೆ ಹಗುರವೆಂದು ಎಚ್ಚರ ಹಗುರವಾಗಲಾಗದು.